ಕಪ್ಪಾದ ಪರದೆ, ಕಾಣದ ಮದುವೆ

"ಅಣ್ಣಾ, ನನ್ ಮದಿ ಫೋಟೋ ಎಲ್ಲಾ ಹೋಯ್ತಾ?" ತಂಗಿ ವನಜ ಅಳುವುದೊಂದೇ ಬಾಕಿ. ಕೋಟೇಶ್ವರದ ದೊಡ್ಡಮ್ಮನ ಮನೆಯ ಕಂಪ್ಯೂಟರಿನಲ್ಲಿ ಹೊಸ ಆಪರೇಟಿಂಗ್ ಸಿಸ್ಟಮ್ ಇನ್‌ಸ್ಟಾಲ್ ಆಗುತ್ತಿರಲಿ ಎಂದು ಚಾ ಕುಡಿಯಲು ಹೋಗಿದ್ದೆ. ಮರಳಿದಾಗ ಮಾನಿಟರ್ ಪೂರ್ತಿ ಕಪ್ಪು. ಅವಳ ಮದುವೆಯ ಫೋಟೋಗಳನ್ನು ಮೊದಲೇ ಸಿಡಿಗೆ ಹಾಕಿಟ್ಟ ನೆನಪು. ಆ ಸಿಡಿ ಎಲ್ಲಿಟ್ಟೆನೆಂಬ ನೆನಪಿಲ್ಲ. ವಯರು ಅಲುಗಾಡಿಸಿದೆ, ಆರಿಸಿ ಮತ್ತೆ ಹಚ್ಚಿದೆ. ಕೊನೆಗೆ ಎಲ್ಲವನ್ನೂ ಅಳಿಸಿ ಮೊದಲಿನಿಂದ ಹಾಕಲು ಹೊರಟಾಗ ದೊಡ್ಡಮ್ಮ ಬಂದು ಮಾನಿಟರಿನ ಬುಡದಲ್ಲಿದ್ದ ಬೆಳಕಿನ ಗುಂಡಿ ತಿರುಗಿಸಿದರು. ಪರದೆ ಬೆಳಗಿತು.

"ಯಾರೂ ಕಾಂತಿರ್ಲಿಲ್ಲ ಅಲ್ದಾ ಮಗಾ? ಸುಮ್ನೆ ಎಂತಕ್ ಉರಿಯೂದ್ ಅಂದೇಳಿ ಲಾಟನ್ ಬತ್ತಿ ಕಣಗೆ ಸಣ್ಣ್ ಮಾಡಿದ್ದೆ."

ಫೋಟೋಗಳೆಲ್ಲ ಇದ್ದವು. ಈಗ ದೊಡ್ಡಮ್ಮ, ಅವತ್ತು ಬೆಳಕು ತಗ್ಗಿಸಿದವನು ನೀನೇ ಎಂದು ನನಗೇ ಹೇಳುತ್ತಾರೆ. ಸಾಕ್ಷಿಯಿಲ್ಲದೆ ಏನನ್ನೂ ನಂಬದವನು ನಾನು. ಆದರೆ ಈಚೆಗೆ ನನಗೂ ಹಾಗೇ ನೆನಪಾಗತೊಡಗಿದೆ.