ಖಾಲಿ ಟೇಪು ಕೇಳುವ ಸಾಬರು

ಗುಂಡ್ಲುಪೇಟೆಯಲ್ಲಿ ಹಳೆ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಏರಿಸಿ ಸಿ.ಡಿ. ಮಾಡಿಕೊಡುವ ರಜಾಕ್ ಸಾಬರ ಅಂಗಡಿಗೆ ಹೋಗುವವರು ಕೆಮ್ಮನ್ನೂ ಚಪ್ಪಲಿಯ ಜೊತೆ ಹೊರಗೇ ಬಿಡಬೇಕು. ಕ್ಯಾಸೆಟ್ಟು ಓಡುವಷ್ಟು ಹೊತ್ತೂ ಅವರು ಒಲೆ ಮೇಲೆ ಹಾಲಿಟ್ಟವರಂತೆ ಕಾದು ಕೂತು, ನೊಣ ಹಾರಿದರೂ 'ಶ್!' ಎನ್ನುತ್ತಾರೆ. 'ಹಾಡು ಮುಗೀತಲ್ಲ, ಮುಂದಕ್ಕೇನೂ ಇಲ್ಲ ಬುಡಿ ಸಾಬ್ರೇ' ಎಂದರೆ, 'ನೀವು ಕೇಳಿದ್ದೀರಾ?' ಎಂದು ಟೇಪನ್ನು ಕೊನೆತನಕ ಓಡಿಸುತ್ತಾರೆ. ಈ ಹಟಕ್ಕಾಗಿಯೇ ಭೀಮನಬೀಡಿನ ಯಶೋದಮ್ಮ ವರ್ಷವರ್ಷವೂ ಮೊದಲ ಕೊಯ್ಲಿನ ಅವರೆಕಾಯಿಯನ್ನು ಅವರಿಗೇ ತಂದುಕೊಡುವುದು. ತೀರಿಹೋದ ತಾಯಿಯ ಸೋಬಾನೆ ಪದಗಳ ಕ್ಯಾಸೆಟ್ಟನ್ನು ಆಕೆ ತಂದಿದ್ದ ದಿನ, ಪದ ಮುಗಿದು ಬಹಳ ಹೊತ್ತು ಬರೀ ಕೋಳಿ, ಪಾತ್ರೆಗಳ ಸದ್ದು ಕೇಳಿತು. ಆಮೇಲೆ, ಟೇಪು ಆರಿಸಲು ಮರೆತಿದ್ದ ಆ ತಾಯಿಯ ದನಿ ಬಂತು: 'ಯಶೋದಾ, ಉಂಡ್ಯೇನಮ್ಮಿ?' ಯಶೋದಮ್ಮ ಎದ್ದು ನಿಂತು, 'ಉಂಡೆ ಕಣವ್ವ' ಎಂದು ಗಟ್ಟಿಯಾಗಿ ಹೇಳಿದರು. ಅವತ್ತು ಸಾಬರು 'ಶ್' ಎನ್ನಲಿಲ್ಲ.