ನಿಲ್ಕುಂದದ ಜಾತಕ ತೆರೆಯಲಿಲ್ಲ

ನಾನು ತಂಬುಳಿಗೆ ಒಗ್ಗರಣೆ ಹಾಕುವ ಹೊತ್ತಿಗೇ ನಮ್ಮನೆ ಫೋನು ಹೊಡೆದುಕೊಳ್ಳಬೇಕು ಅಂತ ಯಾರು ವಿಧಿ ಬರೆದರೋ ಗೊತ್ತಿಲ್ಲ. ದೀಪಾವಳಿ ಕಳೆದ ಮೇಲಿನ ಭಾನುವಾರವೂ ಹಾಗೇ ಆಯಿತು. ಆ ಕಡೆ ಪರಮಣ್ಣ. ಕ್ಷೇಮ ಸಮಾಚಾರ ಇಲ್ಲ, ಊಟ ಆತಾ ಕೇಳಿದ್ದಿಲ್ಲ.

"ತಂಗಿ, ಆ ನಿನ್ನ ಪೊಲೀಸನ್ನ ಈಗ್ಲೇ ತೆಗಿ. ಒಂದು ಒಳ್ಳೆ ಕೆಲ್ಸ ಮಾಡಲೂ ಬಿಡ್ತಿಲ್ಲೆ ಅದು."

ಒಗ್ಗರಣೆ ಸೀದು ಹೋಯಿತು. (ನಮ್ಮನೆಯವರು ಅದನ್ನೇ ಹಾಕಿಸಿಕೊಂಡು ಉಂಡರು. ಒಂದು ಮಾತಾಡಲಿಲ್ಲ. ಪಾಪ, ಅಭ್ಯಾಸ.)

ಪರಮಣ್ಣ ಯಾರು, ಪೊಲೀಸ್ ಯಾರು ಅಂತ ಮೊದಲು ಹೇಳಿಬಿಡುತ್ತೇನೆ. ಪರಮಣ್ಣ ಶಿರಸಿಯಲ್ಲಿರುವ ನಮ್ಮ ವಧು-ವರ ಮಾಹಿತಿ ಕೇಂದ್ರದ ಅಧ್ಯಕ್ಷರು. ಒಂದು ಸಂಬಂಧ ಕುದುರಿದರೆ ತಮ್ಮ ಮಗಳಿಗೇ ಮದುವೆಯಾದಷ್ಟು ಸಂಭ್ರಮ ಪಡುವ ಮನುಷ್ಯ. ನಾನು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುವವಳು. ಹಾಗಾಗಿ ಕೇಂದ್ರದ ಕಂಪ್ಯೂಟರ್ ನೋಡಿಕೊಳ್ಳುವ ಬಿಟ್ಟಿ ಕೆಲಸ ನನ್ನ ತಲೆಗೆ ಬಂದಿದೆ. ಊರಿಗೆ ಬ್ರಾಡ್‌ಬ್ಯಾಂಡ್ ಬಂದದ್ದೇ ಕೇಂದ್ರಕ್ಕೊಂದು ವೆಬ್‌ಸೈಟ್ ಆಯಿತು, ಆಫೀಸಿನ ಮೂಲೆಯಲ್ಲಿದ್ದ ಡಬ್ಬವೇ ಸರ್ವರ್ ಆಯಿತು.

ನಮ್ಮಲ್ಲಿ ಮಾಣಿಗಳು ಬೇಕಾದಷ್ಟು, ಕೂಸುಗಳೇ ಕಡಿಮೆ. (ಬಯಲುಸೀಮೆಯ ಓದುಗರಿಗೆ ಹೇಳಬೇಕೇನೋ: ಮಾಣಿ ಅಂದರೆ ಹುಡುಗ, ಕೂಸು ಅಂದರೆ ಹುಡುಗಿ.) ಒಂದು ಕೂಸಿನ ಜಾತಕ ವೆಬ್‌ಸೈಟಿಗೆ ಬಿತ್ತೋ, ಸಿದ್ದಾಪುರ, ಯಲ್ಲಾಪುರದ ಸೈಬರ್ ಕೆಫೆಗಳಲ್ಲಿ ಮಾಣಿಗಳ ಅಪ್ಪ, ಅಣ್ಣ, ಸೋದರಮಾವ ಎಲ್ಲ ಸಾಲಾಗಿ ಕೂತಿರುತ್ತಾರೆ. ಸಂಜೆಯೊಳಗೆ ಕೇಂದ್ರದ ಫೋನು ಬಿಸಿಯಾಗುತ್ತದೆ.

ಇನ್ನು ಪೊಲೀಸ್. ಕೇಂದ್ರದ ಕಂಪ್ಯೂಟರಿಗೆ ಒಂದು ರೂಟ್ ಪಾಸ್‌ವರ್ಡ್ ಇದೆ. ರೂಟ್ ಅಂದರೆ ಯಂತ್ರಕ್ಕೆ ಯಜಮಾನ. ಈ ಪಾಸ್‌ವರ್ಡ್ ಎಲ್ಲಿತ್ತು ಗೊತ್ತಾ? ಗೋಡೆಯ ಕ್ಯಾಲೆಂಡರಿನ ಮೇಲೆ, ಏಕಾದಶಿಯ ಪಕ್ಕ, ದಪ್ಪ ಅಕ್ಷರದಲ್ಲಿ. ನಾನು ಪಾಸ್‌ವರ್ಡ್ ಬದಲಿಸಿದರೆ ಮುಂದಿನ ವಾರ ಹೊಸದೂ ಅಲ್ಲೇ ಹಾಜರು. ಕೇಳಿದರೆ, ಎಲ್ಲ ಮನೆಯವೇ ಅಲ್ದಾ ಎಂಬ ಉತ್ತರ. ಬೀಗ ಹಾಕಿ ಕೀಲಿಯನ್ನು ಬಾಗಿಲಿಗೇ ನೇತುಹಾಕುವ ಜನ ನಾವು. ಪಕ್ಕದ ಮನೆಯವರಿಗೆ ಬೇಕಾದರೆ ಎಂಬ ಕಾಳಜಿ.

ಸರಿ, ಯಜಮಾನನ ಕೀಲಿ ಊರಿನ ಕೈಯಲ್ಲಿದೆ ಅಂತಾದ ಮೇಲೆ ಏನು ಮಾಡುವುದು? ಎಸ್‌ಇಲಿನಕ್ಸ್ ಅಂತೊಂದು ವ್ಯವಸ್ಥೆ ಇದೆ, ಅದನ್ನು ಹಾಕಿದೆ. ಪರಮಣ್ಣನ ಬಾಯಲ್ಲಿ ಅದೇ ಪೊಲೀಸ್. ಕೇಳಿದವರಿಗೆಲ್ಲ ವೆಬ್‌ಪುಟ ಎತ್ತಿ ಕೊಡುತ್ತ ಹಗಲೂ ರಾತ್ರಿ ಹಿಂದೆ ಓಡುತ್ತಿರುತ್ತದಲ್ಲ ಒಂದು ಪ್ರೋಗ್ರಾಂ, ಅದಕ್ಕೆ ಡೀಮನ್ ಅನ್ನುತ್ತಾರೆ. (ಹೆಸರಿನ ಅರ್ಥ ಕೇಳಿದ ಪರಮಣ್ಣ, ಇದ್ದ ಚೌಡಿಗೆ ಕಾಯಿ ಒಡೆದೇ ಸಾಕಾಗಿದೆ, ಹೊಸ ಭೂತ ಬೇರೆ ಬೇಕಾ ಅಂದರು.) ಪೊಲೀಸಿನ ನಿಯಮ ಇಷ್ಟೇ: ಯಾವ ಫೈಲಿಗೆ 'ವೆಬ್ಬಿಗೆ' ಅಂತ ಚೀಟಿ ಅಂಟಿದೆಯೋ ಅದನ್ನು ಮಾತ್ರ ಆ ಡೀಮನ್ ಮುಟ್ಟಬಹುದು. ಉಳಿದದ್ದನ್ನು ಮುಟ್ಟುವ ಹಾಗಿಲ್ಲ. ಫೈಲು ಯಜಮಾನನದೇ ಆಗಿರಲಿ, ಕೊಡು ಅಂತ ಅವನೇ ಹೇಳಲಿ, ಕೊಡುವುದಿಲ್ಲ. ನಮ್ಮ ಮದುವೆಮನೆ ಉಗ್ರಾಣ ನೋಡಿ. ಒಬ್ಬರನ್ನು ಅಲ್ಲಿ ಕೂರಿಸಿದ ಮೇಲೆ ಹೆಣ್ಣಿನ ಅಪ್ಪನೇ ಬಂದರೂ ಕೇಳದೆ ಒಂದು ತೆಂಗಿನಕಾಯಿ ಎತ್ತುವ ಹಾಗಿದೆಯಾ? ಅಷ್ಟೇ ವಿಷಯ.

ಹೇಳುವುದು ಸುಲಭ. ನನ್ನ ಇಡೀ ಬೇಸಿಗೆ ರಜೆ ಅದಕ್ಕೇ ಹೋಯಿತು. ಮೊದಮೊದಲು ಯಾವ ಪುಟವೂ ತೆರೆಯಲಿಲ್ಲ, ಫೋಟೋ ಬಂದರೆ ಅಕ್ಷರ ಇಲ್ಲ, ಅಕ್ಷರ ಬಂದರೆ ಫೋಟೋ ಇಲ್ಲ. ಇಂಟರ್‌ನೆಟ್ಟಿನಲ್ಲಿ ಹುಡುಕಿದರೆ ಸಿಗುವ ಮೊದಲ ಸಲಹೆಯೇ, ಅದನ್ನು ಆಫ್ ಮಾಡಿ. ಹುಬ್ಬಳ್ಳಿಯ ಗೆಳತಿಯೂ, ಎಲ್ಲಾರೂ ಬಂದ್ ಮಾಡೇ ಇಡ್ತಾರ್ರೀ, ನೀವೂ ಮಾಡಿ ಆರಾಮ ಇರ್ರಿ ಅಂದಳು. ಆರಾಮ ಇರುವುದು ನನ್ನ ಜಾತಕದಲ್ಲಿ ಬರೆದಿಲ್ಲ. ಹಟ ಹಿಡಿದೆ.

ಹಟಕ್ಕೆ ಕಾರಣ ಇತ್ತು. ನಿಲ್ಕುಂದದ ಶಾರದತ್ತೆ. (ಹೆಸರು ಬದಲಿಸಿದ್ದೇನೆ. ಬರಿ, ಹೆದ್ರಡ ಅಂತ ಅವರೇ ಹೇಳಿದ್ದಾರೆ.)

ಶಾರದತ್ತೆ ಕೇಂದ್ರಕ್ಕೆ ಬಂದದ್ದು ಸೊಸೆ ಸುಮಾಳನ್ನು ಕರೆದುಕೊಂಡು. ಎರಡನೇ ಮಗ ಜ್ವರ ಬಂದು ತೀರಿಕೊಂಡು ಕೆಲವು ವರ್ಷವಾಗಿತ್ತು. ಸುಮಾಳಿಗೆ ಇನ್ನೂ ಸಣ್ಣ ವಯಸ್ಸು, ಮಕ್ಕಳಿಲ್ಲ. ಸಿದ್ದಾಪುರದಲ್ಲಿ ಹೊಲಿಗೆ ಕ್ಲಾಸು ನಡೆಸುತ್ತಿದ್ದಳು. ಅವಳಿಗೆ ಮತ್ತೊಂದು ಮದುವೆ ಮಾಡಿಸಬೇಕು ಅಂತ ಅತ್ತೆಯೇ ಹೊರಟಿದ್ದರು. ನಮ್ಮ ಕಡೆ ಇದು ದಿನಾ ನಡೆಯುವ ಮಾತಲ್ಲ. ಹಿಂದೊಮ್ಮೆ ಮನೆಯಲ್ಲಿ ಸುಮ್ಮನೆ ಮಾತೆತ್ತಿದ್ದಕ್ಕೇ ಯಜಮಾನಿಕೆ ಮಾಡುವ ದೊಡ್ಡ ಮಗ ಕೂಗಾಡಿ, ಮಳೆಗಾಲ ಮುಗಿಯುವವರೆಗೆ ಸುಮಾಳ ಕ್ಲಾಸನ್ನೇ ನಿಲ್ಲಿಸಿಬಿಟ್ಟಿದ್ದನಂತೆ. ಈ ಸಲ ಗೊತ್ತಾದರೆ ಅವಳನ್ನು ಹೊಸ್ತಿಲು ದಾಟಲೂ ಬಿಡುವುದಿಲ್ಲ.

"ಮಾತು ಗಟ್ಟಿ ಆಗವರಿಗೆ ಒಂದು ನರಪಿಳ್ಳೆಗೂ ಗೊತ್ತಾಗ್ಲಾಗ," ಅಂದರು ಶಾರದತ್ತೆ. ಗೊತ್ತಾಗಕೂಡದು, ಅಷ್ಟೇ ಷರತ್ತು.

ಸುಮಾ ಬಾಯಿ ಬಿಟ್ಟದ್ದು ಒಂದೇ ಸಲ. ಫೋಟೋ ಯಾರೂ ನೋಡುವುದಿಲ್ಲ ಅಲ್ಲವಾ ಅಂತ ಕೇಳಿದಳು. ನಿನ್ನನ್ನು ಕೇಳದೆ ಯಾರೂ ನೋಡುವುದಿಲ್ಲ ಅಂತ ಮಾತು ಕೊಟ್ಟೆ. ಅವಳ ಜಾತಕವನ್ನೂ ಫೋಟೋವನ್ನೂ ಬೇರೆ ಫೋಲ್ಡರಿನಲ್ಲಿಟ್ಟು 'ಗುಟ್ಟು' ಅಂತ ಚೀಟಿ ಹಚ್ಚಿದೆ.

ಈಗ ಫೋನಿಗೆ ಬನ್ನಿ.

ಯಾವ ಫೈಲು ಪರಮಣ್ಣ, ಅಂತ ಕೇಳಿದೆ. ಸಣ್ಣ ದನಿಯಲ್ಲಿ ಉತ್ತರ ಬಂತು, ನಿಲ್ಕುಂದದ್ದು.

ಆದದ್ದು ಇಷ್ಟು. ಯಲ್ಲಾಪುರದ ಕಡೆಯ ಒಬ್ಬ ಮೇಷ್ಟ್ರು, ಹೆಂಡತಿ ಇಲ್ಲದವರು, ಒಳ್ಳೆಯ ಜನ. ಸುಮಾಳ ಜಾತಕ ನೋಡಬೇಕು ಅಂದರು. ಶಿರಸಿಗೆ ಬರಲು ಪುರಸೊತ್ತಿಲ್ಲ, ಭಾನುವಾರ ಸೈಬರ್ ಕೆಫೆಗೆ ಹೋಗುತ್ತೇನೆ ಅಂದರಂತೆ. ಪರಮಣ್ಣನ ಹೃದಯ ಕರಗಿತು. ಒಂದು ತಾಸು ವೆಬ್‌ಸೈಟಿಗೆ ಹಾಕಿ ತೆಗೆದರಾಯಿತು, ಅಷ್ಟರಲ್ಲಿ ಯಾರು ನೋಡುತ್ತಾರೆ? ಪಾಸ್‌ವರ್ಡಂತೂ ಕ್ಯಾಲೆಂಡರಿನ ಮೇಲಿದೆ. ಫೈಲನ್ನು ಎತ್ತಿ ವೆಬ್‌ಸೈಟಿನ ಫೋಲ್ಡರಿಗೆ ಹಾಕಿದರು. ಅಲ್ಲಿ ಏನು ಬಿದ್ದರೂ ಮುಖಪುಟದಲ್ಲಿ 'ಹೊಸ ಜಾತಕ' ಅಂತ ಒಂದು ಸಾಲು, ಒಂದು ನಂಬರು ತಾನಾಗಿ ಬರುತ್ತದೆ. ಬಂತು. ಮೂರು ತಾಲ್ಲೂಕಿನ ಮಾಣಿಗಳ ಕಡೆಯವರು ಒತ್ತಿಯೇ ಒತ್ತಿದರು. ಒತ್ತಿದವರಿಗೆಲ್ಲ ಕಂಡದ್ದು ಒಂದೇ: ಅನುಮತಿ ಇಲ್ಲ.

"ರೂಟ್ ಆನೇ ಅಲ್ದನೇ? ಯನ್ನ ಮಾತೇ ಕೇಳ್ತಿಲ್ಲೆ ಅಂದ್ರೆ ಎಂತ ಅರ್ಥ?" ಅಂತ, ಯಜಮಾನನೇ ತಾವು ಎಂಬ ಗತ್ತಿನಲ್ಲಿ, ಪರಮಣ್ಣ ಫೋನಿನಲ್ಲಿ ಉರಿದುಬಿದ್ದರು. ಪೊಲೀಸನ್ನು ಆಫ್ ಮಾಡುವುದು ಹೇಗೆ ಹೇಳು ಅಂದರು. ಏನನ್ನೂ ಮುಟ್ಟಬೇಡಿ, ಕೈ ಕಟ್ಟಿ ಕೂತಿರಿ ಅಂತ ಹೇಳಿ ಸ್ಕೂಟಿ ಹತ್ತಿದೆ. ಹಿರಿಯರಿಗೆ ನಾನು ಹಾಗೆ ಮಾತಾಡಿದ್ದು ಅದೇ ಮೊದಲು. ಸಿಟ್ಟು ಅಷ್ಟು ಬಂದಿತ್ತು.

ಹೋಗಿ ಲಾಗ್ ತೆರೆದರೆ ಉದ್ದಕ್ಕೂ 'ನಿರಾಕರಿಸಿದೆ, ನಿರಾಕರಿಸಿದೆ'. ಡೀಮನ್ ಒಬ್ಬರಿಗೂ ಕೊಟ್ಟಿರಲಿಲ್ಲ. ಆದರೂ ನನಗೆ ಆಶ್ಚರ್ಯ. ಯಾಕೆಂದರೆ ಪರಮಣ್ಣ ಆ ಫೈಲನ್ನು ಕಾಪಿ ಮಾಡಿದ್ದರೆ ಕಥೆ ಮುಗಿದಿತ್ತು. ಕಾಪಿ ಅಂದರೆ ಹೊಸ ಫೈಲು. ಹೊಸ ಜಾಗದ 'ವೆಬ್ಬಿಗೆ' ಚೀಟಿ ಅದಕ್ಕೆ ತಾನೇ ಅಂಟಿಕೊಂಡು ಸುಮಾಳ ಮುಖ ಊರಿಗೆಲ್ಲ ಕಾಣುತ್ತಿತ್ತು. ಇವರು ಕಾಪಿ ಮಾಡದೆ, ಇದ್ದ ಫೈಲನ್ನೇ ಎತ್ತಿ ಆಚೆ ಇಟ್ಟಿದ್ದರು. ಎತ್ತಿಟ್ಟ ಫೈಲಿನ ಜೊತೆ ಹಳೇ ಚೀಟಿಯೂ ಹೋಯಿತು. ಫೋಲ್ಡರು ಬದಲಾದರೂ 'ಗುಟ್ಟು' ಗುಟ್ಟಾಗಿಯೇ ಉಳಿಯಿತು.

ಕಂಪ್ಯೂಟರ್ ಮುಂದೆ ಕೂತವರು ಯಾರಾದರೂ ಕಾಪಿ ಮಾಡುತ್ತಾರೆ. ನೀವ್ಯಾಕೆ ಮಾಡಲಿಲ್ಲ ಅಂತ ಕೇಳಿದೆ. ಪರಮಣ್ಣನಿಗೆ ಅವಮಾನವೇ ಆಯಿತು.

"ಒಂದು ಜಾತಕ ಒಂದೇ ಸಲಕ್ಕೆ ಎರಡು ಕಡೆ ಇಡ್ಲಾಗ ಹೇಳಿ ನಿಂಗೆ ಗೊತ್ತಿಲ್ಯಾ?"

ಗೊತ್ತಿಲ್ಲದೆ ಏನು. ನಮ್ಮ ಹಿರಿಯರ ಕ್ರಮ ಅದು. ಒಂದು ಮನೆಯವರು ಜಾತಕ ನೋಡುತ್ತಿರುವಾಗ ಇನ್ನೊಂದು ಮನೆಗೆ ಕೊಡುವುದಿಲ್ಲ. ಅವರು ವಾಪಸು ಕೊಟ್ಟ ಮೇಲೆಯೇ ಮುಂದಿನವರಿಗೆ. ಜಾತಕ ಕೊಟ್ಟದ್ದು ಮಾತು ಕೊಟ್ಟ ಹಾಗೆ. ಪರಮಣ್ಣ ಅದನ್ನು ಕಂಪ್ಯೂಟರಿನ ಒಳಗೂ ಪಾಲಿಸಿದ್ದರು. ನನಗೆ ನಗು ಬಂತು, ಅಳುವೂ ಬಂತು. ಫೈಲನ್ನು ಮೊದಲಿನ ಜಾಗಕ್ಕೆ ಸೇರಿಸಿದೆ.

ಅಷ್ಟರಲ್ಲಿ ಕೇಂದ್ರದ ಫೋನು. ಎತ್ತಿದ ಪರಮಣ್ಣನ ಮುಖ ನೋಡನೋಡುತ್ತ ಬಿಳಚಿಕೊಂಡಿತು. ಹೊಸತೇನೂ ಇಲ್ಲ, ಮಷೀನಿನ ತಪ್ಪು ಅಂತ ಏನೇನೋ ತೊದಲಿ ಇಟ್ಟುಬಿಟ್ಟರು. ಮಾಡಿದವನು ಶಾರದತ್ತೆಯ ದೊಡ್ಡ ಮಗ. ಕೊನೆಯ ತಮ್ಮನಿಗೆ ಕೂಸು ಹುಡುಕುತ್ತ ಬೆಳಗಿನಿಂದ ಸಿದ್ದಾಪುರದ ಸೈಬರಿನಲ್ಲಿ ಕೂತಿದ್ದಾನೆ. ಹೊಸ ಕೂಸಿನ ಜಾತಕ ಯಾಕೆ ತೆರೆಯುತ್ತಿಲ್ಲ ಅಂತ ದಬಾಯಿಸುತ್ತಿದ್ದ.

ಪರಮಣ್ಣ ಒಂದು ತಂಬಿಗೆ ನೀರು ಕುಡಿದರು.

ಪರಮಣ್ಣ ಕೆಟ್ಟವರಾ? ಅಲ್ಲವೇ ಅಲ್ಲ, ಬಂಗಾರದಂಥ ಮನುಷ್ಯ. ಅದೇ ತಾಪತ್ರಯ. ಕಳ್ಳರಿಗೆ ಬಾಗಿಲು ಹಾಕಬಹುದು. ನಮ್ಮ ಒಳ್ಳೆಯದಕ್ಕೇ ಅಂತ ಒಳಗೆ ಬರುವ ನಮ್ಮವರಿಗೆ ಹೇಗೆ ಹಾಕುತ್ತೀರಿ? ಅವರ ಕೈಯಲ್ಲಿ ಕೀಲಿ ಇರುತ್ತದೆ, ಬಾಯಲ್ಲಿ ಪ್ರೀತಿ ಇರುತ್ತದೆ. ಬೇಡ ಅಂದರೆ ನಾವೇ ಕೆಟ್ಟವರು. ಅದಕ್ಕೇ ಬೇಡ ಅನ್ನುವ ಕೆಲಸವನ್ನು ಮೊದಲೇ ಯಾವುದಾದರೂ ನಿಯಮಕ್ಕೆ ವಹಿಸಿಬಿಡುವುದು ಒಳ್ಳೆಯದು ಅನಿಸುತ್ತದೆ ನನಗೆ. ದಾಕ್ಷಿಣ್ಯ ಎಂಬುದು ಮನುಷ್ಯರಿಗೆ ಬರುವ ಕಾಯಿಲೆ. ಯಂತ್ರಕ್ಕೆ ಬರುವುದಿಲ್ಲ.

ಮರುದಿನ ಪರಮಣ್ಣ ತಾವೇ ಬಸ್ಸು ಹತ್ತಿ, ಜಾತಕ ಹಿಡಿದು ಯಲ್ಲಾಪುರಕ್ಕೆ ಹೋದರು. ಜಾತಕ ಕೂಡಿ ಬಂತು. ಮೇಷ್ಟ್ರೂ ಸುಮಾಳೂ ನಮ್ಮನೆ ಜಗಲಿಯಲ್ಲೇ ಕೂತು ಮಾತಾಡಿದರು, ಇಬ್ಬರಿಗೂ ಒಪ್ಪಿಗೆಯಾಯಿತು. ಎಲ್ಲ ಗಟ್ಟಿಯಾದ ಮೇಲೆ ಶಾರದತ್ತೆ ಮನೆಯಲ್ಲಿ ವಿಷಯ ಹೇಳಿದರು. ದೊಡ್ಡ ಮಗ ತಟ್ಟೆ ಬಿಟ್ಟು ಎದ್ದನಂತೆ. ಇವರು ಅನ್ನ ಮುಚ್ಚಿಟ್ಟು ತಮ್ಮ ಊಟ ಮುಗಿಸಿ ಮಲಗಿದರಂತೆ.

ಮೊನ್ನೆ ಮದುವೆ ಆಯಿತು. ಸಣ್ಣ ಮದುವೆ. ಸೊಸೆಯನ್ನು ಧಾರೆ ಮಂಟಪಕ್ಕೆ ಕೈ ಹಿಡಿದು ಕರೆತಂದದ್ದು ಅತ್ತೆಯೇ. ನನ್ನ ಕಣ್ಣು ತುಂಬಿ ಬಂತು, ಹೇಳಿಕೊಳ್ಳಲು ನಾಚಿಕೆ ಏನಿಲ್ಲ. ದೊಡ್ಡ ಮಗನೂ ಬಂದಿದ್ದ. ಮುಖ ಗಂಟು ಹಾಕಿಕೊಂಡೇ ಕೂತಿದ್ದ, ಹೋಳಿಗೆಯನ್ನು ಮಾತ್ರ ಎರಡನೇ ಸಲವೂ ಹಾಕಿಸಿಕೊಂಡ.

ಊಟವಾದ ಮೇಲೆ ಕವಳ ಹಾಕುತ್ತ ಕೂತಾಗ ಶಾರದತ್ತೆಗೆ ಆ ಭಾನುವಾರದ ಕಥೆ ಪೂರ್ತಿ ಹೇಳಿದೆ. ಬೈಯುತ್ತಾರೇನೋ ಅಂತ ಅಳುಕಿತ್ತು. ಅವರು ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿ ಸ್ವಲ್ಪ ಹೊತ್ತು ಮಗನ ಕಡೆ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು:

"ಯಜಮಾನ ಹೇಳಿದ ಹೇಳಿ ಎಲ್ಲದನ್ನೂ ಮಾಡ್ಲಾಗ ಹೇಳದು ಒಂದು ಮಷೀನಿಗೆ ಗೊತ್ತಾಗ್ತು ಅಂದ್ರೆ, ನಂಗ ಹೆಂಗಸ್ರಿಗೆ ಇಷ್ಟು ವರ್ಷ ಎಂತಕ್ಕೆ ಗೊತ್ತಾಜಿಲ್ಲೆ?"