ಒಂದ್ಸಲದಣ್ಣನ ಮುನ್ನೂರೊಂದು ಓಡಾಟ

ಹಿಂದಿನ ವೀರರು ಏಳು ಸಮುದ್ರ ದಾಟಿ ಬರುತ್ತಿದ್ದರಂತೆ. ನಮ್ಮ ಒಂದ್ಸಲದಣ್ಣ ಅಡುಗೆಮನೆಯಿಂದ ಹೊರಬಂದರೆ ಸಾಕು, ಅದೇ ದಿಗ್ವಿಜಯ: ಎಡಗೈಯಲ್ಲಿ ನಾಲ್ಕು ತಟ್ಟೆ, ಬಲಗೈಯಲ್ಲಿ ನೀರಿನ ಜಗ್ಗು, ಕಂಕುಳಲ್ಲಿ ಪೇಪರು, ಹಲ್ಲಿನ ನಡುವೆ ಚಮಚ. ಅವನು ಎರಡನೇ ಸಲ ಒಳಗೆ ಹೋದದ್ದನ್ನು ಕಂಡವರಿಲ್ಲ. ಅಂಗಡಿಯಿಂದ ಬಂದವನಿಗೆ ಹೆಂಡತಿ, ಸೋಪು ಹೇಳುವುದು ಮರೆತೆ ಅಂದರೆ ಆ ವಾರ ಮನೆಯಲ್ಲಿ ಸೋಪಿಲ್ಲ.

ಈ ಮಹಾರಥಿ ಒಂದು ಆಸ್ಪತ್ರೆಯ ಕಂಪ್ಯೂಟರ್ ಕೋಣೆಯಲ್ಲಿ ಗುತ್ತಿಗೆ ನೌಕರ. ಅಲ್ಲಿಯ ವೆಬ್‌ಸೈಟಿನಲ್ಲಿ ದಿನದ ರೋಗಿಗಳ ಪಟ್ಟಿ ತೆರೆಯಲು ನಲವತ್ತು ಸೆಕೆಂಡು ಬೇಕಿತ್ತು. ಅಷ್ಟರಲ್ಲಿ ಕೌಂಟರಿನ ಹೆಂಗಸು ನಾಲ್ಕು ಜನರಿಂದ ಬೈಸಿಕೊಂಡು, ಇಬ್ಬರಿಗೆ ತಿರುಗಿಸಿ ಬೈದು ಮುಗಿಸುತ್ತಿದ್ದಳು. ತಿಂಗಳ ಕೊನೆಯೊಳಗೆ ಸರಿಹೋಗದಿದ್ದರೆ ಗುತ್ತಿಗೆ ಮುಂದುವರಿಯದು ಎಂದು ಆ ಕೋಣೆಯ ಮುಖ್ಯಸ್ಥ ಸಾಹೇಬರು ಅಣ್ಣನಿಗೆ ಹೇಳಿದರು. ಆ ಪುಟ ಬರೆದವರು ತಾವೇ ಎಂದು ಹೇಳುವುದು ಮರೆತರು.

ಅಣ್ಣ ಡೇಟಾಬೇಸಿನ ದಿನಚರಿಯಾದ ಲಾಗ್ ತೆರೆದು ಬೆವರಿದ. ಪುಟವು ಮೊದಲು ಡೇಟಾಬೇಸಿಗೆ ಹೋಗಿ ಮುನ್ನೂರು ಹೆಸರು ತರುತ್ತಿತ್ತು. ಆಮೇಲೆ ಒಬ್ಬೊಬ್ಬರ ರಿಪೋರ್ಟಿಗೂ ಬೇರೆಬೇರೆಯಾಗಿ ಮತ್ತೆ ಹೋಗುತ್ತಿತ್ತು. ಮುನ್ನೂರೊಂದು ಓಡಾಟ! ಯಾವುದು ಎಲ್ಲಿದೆ ಎಂದು ತೋರಿಸುವ ಇಂಡೆಕ್ಸ್ ಇಲ್ಲದ್ದರಿಂದ ಪ್ರತಿ ರಿಪೋರ್ಟಿಗೂ ಎಂಟು ಲಕ್ಷ ರಿಪೋರ್ಟುಗಳನ್ನು ಮೊದಲಿನಿಂದ ಕೊನೆಯವರೆಗೆ ತಡಕುತ್ತಿತ್ತು. ಸಾಹೇಬರು ಹತ್ತು ಸುಳ್ಳು ರೋಗಿಗಳನ್ನಿಟ್ಟು ಪರೀಕ್ಷಿಸಿ, ಬಾಣದ ಹಾಗೆ ಓಡುತ್ತದೆ ಎಂದು ತಮ್ಮ ಬೆನ್ನು ತಾವೇ ತಟ್ಟಿಕೊಂಡಿದ್ದರು. ನಿಜವಾದ ಕಾಯಿಲೆಯವರು ಬಂದ ಮೇಲೆ ಬಾಣ ಕುಂಟತೊಡಗಿತ್ತು.

ಒಂಬತ್ತು ದಿನ ಕೂತು ಅಣ್ಣ ಎಲ್ಲವನ್ನೂ ಒಂದೇ ಕ್ವೆರಿಗೆ, ಅಂದರೆ ಒಂದೇ ಓಡಾಟಕ್ಕೆ, ಸೇರಿಸಿದ. ರೋಗಿಯ ನಂಬರಿಗೆ ಇಂಡೆಕ್ಸ್ ಹಾಕಿದ. ಪಟ್ಟಿ ಕಣ್ಣು ಮಿಟುಕಿಸುವಷ್ಟರಲ್ಲಿ ಬಂತು. ಕೌಂಟರಿನ ಹೆಂಗಸು, ಏನೋ ಕೆಟ್ಟುಹೋಗಿದೆ ಎಂದು ಫೋನ್ ಮಾಡಿದಳು. ಅದೇ ಕೊನೆಯ ದೂರು.

ತಿಂಗಳ ಕೊನೆಗೆ ಸಾಹೇಬರು ಕರೆದರು.

"ದೂರೇ ಬರ್ತಿಲ್ಲ ನೋಡಿ. ನಿಮ್ಮನ್ನ ಇಟ್ಕೊಂಡಿದ್ದೇ ದೂರು ನೋಡ್ಕೊಳ್ಳೋಕೆ. ಇನ್ನು ಏನ್ ನೋಡ್ಕೊಳ್ತೀರಿ?"

ಕೂತ ಕೊಂಬೆಯನ್ನು ಅಣ್ಣ ಬಲು ಅಚ್ಚುಕಟ್ಟಾಗಿ, ಒಂದೇ ಏಟಿಗೆ ಕಡಿದಿದ್ದ. ವೆಬ್‌ಸೈಟಿನ ವೇಗಕ್ಕೆ ಬಂದ ಪ್ರಶಂಸಾಪತ್ರದಲ್ಲಿ ಸಾಹೇಬರ ಹೆಸರಿತ್ತು.

ಮನೆಯಲ್ಲಿ ಹೆಂಡತಿ ಬೆರಳು ಎಣಿಸಿ, "ವರ್ಷಕ್ಕೆ ಎರಡೆರಡೇ ಸೆಕೆಂಡು ಇಳಿಸಿದ್ರೆ ಕೆಲಸ ರಿಟೈರಾಗೋವರೆಗೂ ಬರ್ತಿತ್ತಲ್ರೀ" ಅಂದಳು. ಲೆಕ್ಕ ಸರಿಯಾಗಿಯೇ ಇತ್ತು.

ಕೊನೆಯ ದಿನ ಸಾಹೇಬರು ಅವನ ಕೈಗೊಂದು ಹಾಳೆ ಕೊಟ್ಟರು. ಬಿಡುಗಡೆಗೆ ಏಳು ವಿಭಾಗಗಳ ಸಹಿ ಬೇಕು; ಐದು ಮಹಡಿ; ಒಂದು ಸಹಿ ಆದಾಗಲೆಲ್ಲ ಕೆಳಗೆ ಬಂದು ಮುದ್ರೆ ಒತ್ತಿಸಿಕೊಂಡು ಮತ್ತೆ ಹತ್ತಬೇಕು. ಲಿಫ್ಟು ರೋಗಿಗಳಿಗೆ ಮಾತ್ರ.

"ಅಂದಹಾಗೆ, ಎಲ್ಲಾನೂ ಒಂದೇ ಸಲಕ್ಕೆ ಮುಗಿಸೋ ಈ ತತ್ವ ನಿಮಗೆ ಎಲ್ಲಿಂದ ಬಂತು? ಹೊಸಬರಿಗೆ ಹೇಳೋಣ ಅಂತ."

ಅಣ್ಣ ಹಾಳೆ ನೋಡಿದ, ಮೆಟ್ಟಿಲು ನೋಡಿದ.

"ತತ್ವ ಏನಿಲ್ಲ ಸಾರ್. ಮಂಡಿ ನೋವು."